ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ

ಬೆಂಗಳೂರಿನ ಉತ್ತರಕ್ಕೆ, ನಂದಿಬೆಟ್ಟದಿಂದ ಆಂಧ್ರಪ್ರದೇಶದ ಗಡಿಯವರೆಗೆ ಹರಡಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳಿಗೆ ನಡೆಯುವ ಚುನಾವಣೆಗಳ ಸ್ವರೂಪ, ಇತಿಹಾಸ ಮತ್ತು ರಾಜಕೀಯವನ್ನು ಈ ಲೇಖನ ವಿವರಿಸುತ್ತದೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟಾಗ ಈ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿದ್ದವು: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ. ಮಂಚೇನಹಳ್ಳಿ ಮತ್ತು ಚೇಳೂರು ಆಮೇಲೆ ತಾಲ್ಲೂಕುಗಳಾದವು. ಇಲ್ಲಿ ಮುಖ್ಯವಾಗಿ ಮೊದಲ ನಾಲ್ಕು ತಾಲ್ಲೂಕುಗಳ ಸಂಗತಿಯನ್ನು ಹೇಳಲಾಗಿದೆ.

ಜಿಲ್ಲೆಯಲ್ಲಿ 157 ಗ್ರಾಮ ಪಂಚಾಯಿತಿಗಳಿವೆ. ಹಳೆಯ ತಾಲ್ಲೂಕು ವಿಂಗಡಣೆಯ ಪ್ರಕಾರ ಗೌರಿಬಿದನೂರಿನಲ್ಲಿ 38, ಚಿಂತಾಮಣಿಯಲ್ಲಿ 35, ಶಿಡ್ಲಘಟ್ಟದಲ್ಲಿ 28, ಚಿಕ್ಕಬಳ್ಳಾಪುರದಲ್ಲಿ 23. ಉಳಿದವು ಬಾಗೇಪಲ್ಲಿ ಮತ್ತು ಗುಡಿಬಂಡೆಯವು. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲೂ ನಗರಸಭೆಗಳಿವೆ, ಪ್ರತಿಯೊಂದರಲ್ಲೂ 31 ವಾರ್ಡುಗಳು. 2011ರ ಜನಗಣತಿಯಲ್ಲಿ ಚಿಂತಾಮಣಿ ಪಟ್ಟಣದ ಜನಸಂಖ್ಯೆ ಸುಮಾರು 76 ಸಾವಿರ, ಚಿಕ್ಕಬಳ್ಳಾಪುರದ್ದು 63 ಸಾವಿರ, ಶಿಡ್ಲಘಟ್ಟದ್ದು 51 ಸಾವಿರ. ಜಿಲ್ಲಾ ಕೇಂದ್ರಕ್ಕಿಂತ ಚಿಂತಾಮಣಿ ದೊಡ್ಡ ಊರು ಎಂಬುದನ್ನು ಚಿಂತಾಮಣಿಯವರು ಮರೆಯುವುದೂ ಇಲ್ಲ, ಮರೆಯಲು ಬಿಡುವುದೂ ಇಲ್ಲ.

ಹಿನ್ನೆಲೆ

ಸ್ಥಳೀಯ ಸ್ವಯಮಾಡಳಿತದ ವಿಚಾರ ಈ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಗಟ್ಟಿ ರೂಪ ಕೊಟ್ಟ ದಿವಾನರಲ್ಲಿ ಒಬ್ಬರಾದ ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ಅವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಗ್ರಾಮ ಸುಧಾರಣೆಯ ಯೋಜನೆ ಜಾರಿಗೆ ಬಂತು. 1918ರಲ್ಲಿ ಸ್ಥಳೀಯ ಮಂಡಳಿ ಮತ್ತು ಗ್ರಾಮ ಪಂಚಾಯಿತಿಗಳ ಶಾಸನವಾಯಿತು. ಕೆರೆ ಹೂಳೆತ್ತುವುದು, ಬಾವಿ ತೋಡಿಸುವುದು, ಊರಿನ ನೈರ್ಮಲ್ಯ ನೋಡಿಕೊಳ್ಳುವುದು ಆಗಿನ ಗ್ರಾಮ ಸಮಿತಿಗಳ ಕೆಲಸ. ಆದರೆ ಮತದಾನದ ಹಕ್ಕು ಆಸ್ತಿ ಮತ್ತು ಕಂದಾಯಕ್ಕೆ ಕಟ್ಟುಬಿದ್ದಿತ್ತು. ಎಲ್ಲರೂ ಓಟು ಹಾಕುವ ಪದ್ಧತಿ ಅದಾಗಿರಲಿಲ್ಲ.

ಜನಪ್ರತಿನಿಧಿಗಳಿಗೆ ಉತ್ತರ ಕೊಡುವ ಸರ್ಕಾರ ಬೇಕು ಎಂಬ ಕೂಗು ಇಲ್ಲಿ ರಕ್ತಕ್ಕೂ ತಿರುಗಿತು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧ ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಬಲ ಕೊಟ್ಟ ಘಟನೆ ಅದು. ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲ್ ನಡುವಿನ ಒಪ್ಪಂದಕ್ಕೂ ಅದೇ ದಾರಿಯಾಯಿತು. ಇದೇ ತಾಲ್ಲೂಕಿನಲ್ಲಿ ಇಂದು ಪಂಚಾಯಿತಿ ಚುನಾವಣೆಗೆ ಹತ್ತರಲ್ಲಿ ಎಂಟು ಮಂದಿ ಮತ ಹಾಕುವುದನ್ನು ಆ ಇತಿಹಾಸದ ಮುಂದುವರಿಕೆ ಎನ್ನುವುದು ಭಾವುಕತೆಯಾದೀತು. ಹಾಗಿದ್ದರೂ ಓಟಿನ ಬೆಲೆ ಇಲ್ಲಿಯವರಿಗೆ ಯಾರೋ ಬಂದು ಕಲಿಸಿದ್ದಲ್ಲ.

ಸ್ವಾತಂತ್ರ್ಯಾನಂತರ 1952 ಮತ್ತು 1959ರ ಕಾಯ್ದೆಗಳು ಪಂಚಾಯಿತಿಗಳಿಗೆ ಹೊಸ ಚೌಕಟ್ಟು ಕೊಟ್ಟವು. 1959ರ ಕಾಯ್ದೆಯ ಮೂರು ಹಂತಗಳಲ್ಲಿ ತೂಕವಿದ್ದದ್ದು ತಾಲ್ಲೂಕು ಅಭಿವೃದ್ಧಿ ಮಂಡಳಿಗೆ. ಜಿಲ್ಲೆಯ ಮಟ್ಟದಲ್ಲಿದ್ದ ಪರಿಷತ್ತು ಸಲಹೆ ಕೊಡುವುದಕ್ಕಷ್ಟೇ ಇತ್ತು. ‘ಚೇರ್ಮನ್’ ಎಂಬ ಪದ ಹಳ್ಳಿಗಳಿಗೆ ಹೊಕ್ಕಿದ್ದು ಆ ಕಾಲದಲ್ಲಿ. ಕಾಯ್ದೆ ಎಷ್ಟೋ ಬಾರಿ ಬದಲಾದರೂ ಹಳಬರ ಬಾಯಲ್ಲಿ ಪಂಚಾಯಿತಿ ಅಧ್ಯಕ್ಷರು ಈಗಲೂ ಚೇರ್ಮನ್ನರೇ.

ನಿಜವಾದ ತಿರುವು 1983ರ ಕಾಯ್ದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಈ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಸಿಗಲು ಎರಡು ವರ್ಷ ಹಿಡಿಯಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಜಿಲ್ಲೆಯ ಇಲಾಖೆಗಳೆಲ್ಲ ಪರಿಷತ್ತಿನ ಕೈಕೆಳಗೆ. ಅಷ್ಟು ಅಧಿಕಾರ ಸ್ಥಳೀಯ ಸಂಸ್ಥೆಯೊಂದರ ಕೈಗೆ ಅದಕ್ಕೆ ಮುಂಚೆ ಬಂದಿರಲಿಲ್ಲ. ಆಮೇಲೂ ಪೂರ್ತಿಯಾಗಿ ಬಂದಿದೆ ಎನ್ನುವುದು ಕಷ್ಟ. ಬರಪೀಡಿತ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ನಜೀರ್ ಸಾಬರ ಹೆಸರು, ಅಂದಿನ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಕಾಯ್ದೆಗಿಂತ ಕೈಪಂಪಿನ ಜೊತೆಗೇ ಹೆಚ್ಚು ನೆನಪಾಗುತ್ತದೆ. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಮುಂದೆ ಮತ್ತೆ ಮತ್ತೆ ಕಾಣುವ ಕಾಯಿಲೆಯ ಮೊದಲ ಲಕ್ಷಣ ಇದು.

ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ 1993ರ ಮೇ 10ರಂದು ಜಾರಿಗೆ ಬಂತು. ಮಂಡಲ ಪಂಚಾಯಿತಿಗಳು ಹೋಗಿ ಅವುಗಳಿಗಿಂತ ಚಿಕ್ಕದಾದ ಗ್ರಾಮ ಪಂಚಾಯಿತಿಗಳು ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ, 1995ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಮತದಾನವಾಯಿತು. ಮತದಾರರ ಪಟ್ಟಿಯಿಂದ ಎಣಿಕೆಯವರೆಗೆ ಎಲ್ಲ ಹೊಣೆಯೂ ರಾಜ್ಯ ಚುನಾವಣಾ ಆಯೋಗದ್ದು. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವ ಭಾರತ ಚುನಾವಣಾ ಆಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ನಡೆಯುವ ಬಗೆ

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಲೆಕ್ಕ. ಹಾಗಾಗಿ ಜಿಲ್ಲೆಯ ಪಂಚಾಯಿತಿಗಳಲ್ಲಿ ಎಲ್ಲ ಸೇರಿ ಎರಡು ಸಾವಿರಕ್ಕೂ ಹೆಚ್ಚು ಸದಸ್ಯರಿರುತ್ತಾರೆ. 400 ಜನ ಎಂದರೆ ಎಂಬತ್ತು, ನೂರು ಮನೆ. ಅಭ್ಯರ್ಥಿಗೆ ಪ್ರತಿ ಮನೆಯ ಒಳಗಿನ ಜಗಳವೂ ಗೊತ್ತು, ಯಾರು ಯಾರಿಗೆ ಸಾಲ ಕೊಟ್ಟಿದ್ದಾರೆ ಎಂಬುದೂ ಗೊತ್ತು. ಇಷ್ಟು ಹತ್ತಿರದ ಚುನಾವಣೆ ಬೇರೆ ಯಾವುದೂ ಇಲ್ಲ. ಶಾಸಕರ ಚುನಾವಣೆಯಲ್ಲಿ ಸೋತವನು ಮರುದಿನ ಬೆಂಗಳೂರಿಗೆ ಹೋಗಬಹುದು. ಪಂಚಾಯಿತಿಯಲ್ಲಿ ಸೋತವನು ಮರುದಿನ ಬೆಳಿಗ್ಗೆ, ತನ್ನನ್ನು ಸೋಲಿಸಿದವರ ಜೊತೆಗೇ ಡೇರಿ ಮುಂದೆ ಸಾಲಿನಲ್ಲಿ ನಿಂತು ಹಾಲು ಹಾಕಬೇಕು.

ಕ್ಷೇತ್ರಗಳನ್ನು ಊರಿನವರು ಕರೆಯುವುದು ‘ಬ್ಲಾಕ್’ ಎಂದು. ಒಂದು ಬ್ಲಾಕಿನಿಂದ ಒಬ್ಬರೇ ಆಯ್ಕೆಯಾಗಬೇಕೆಂದಿಲ್ಲ. ಎರಡು, ಮೂರು, ನಾಲ್ಕು ಸ್ಥಾನಗಳಿರುವುದು ಸಾಮಾನ್ಯ. ಎಷ್ಟು ಸ್ಥಾನಗಳಿವೆಯೋ ಅಷ್ಟು ಮತಗಳು ಪ್ರತಿ ಮತದಾರರಿಗೆ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ. ಮೂರು ಸ್ಥಾನದ ಬ್ಲಾಕಿನಲ್ಲಿ ‘ಎಸ್ಸಿ ಸೀಟು, ಲೇಡಿಸ್ ಸೀಟು, ಜನರಲ್ ಸೀಟು’ ಎಂದು ಮೂರು ಬಗೆ ಇದ್ದರೆ ಎಣಿಕೆಯಲ್ಲಿ ಮೊದಲು ಮೀಸಲು ಸ್ಥಾನಗಳಿಗೆ ಅರ್ಹರಾದವರಲ್ಲಿ ಹೆಚ್ಚು ಮತ ಪಡೆದವರನ್ನು ಘೋಷಿಸುತ್ತಾರೆ, ಆಮೇಲೆ ಉಳಿದವರಲ್ಲಿ ಹೆಚ್ಚು ಮತ ಪಡೆದವರನ್ನು. ಇದರಿಂದ ಗುಂಪು ಕಟ್ಟಿಕೊಂಡು ನಿಲ್ಲುವುದು ಅನಿವಾರ್ಯವಾಗುತ್ತದೆ. ಒಂದು ಜಾತಿಯ ಅಭ್ಯರ್ಥಿ ಇನ್ನೊಂದು ಜಾತಿಯ ಅಭ್ಯರ್ಥಿಯೊಂದಿಗೆ ಕೈಜೋಡಿಸಿ ‘ನಮ್ಮ ಮೂವರಿಗೂ ಒತ್ತಿ’ ಎಂದು ಮನೆಮನೆ ಸುತ್ತುತ್ತಾನೆ. ರಾತ್ರಿ ಒಬ್ಬನೇ ಬಂದು ‘ನನಗೊಂದೇ ಒತ್ತಿ’ ಎನ್ನುವುದೂ ಉಂಟು. ಬೇರೆ ಎರಡು ಮತ ಚಲಾಯಿಸದಿದ್ದರೆ ತನ್ನ ಪಾಲಿನ ಒಂದು ಮತಕ್ಕೆ ತೂಕ ಹೆಚ್ಚು ಎಂಬ ಗಣಿತ ಹಳ್ಳಿಯ ಯಾವ ಅಭ್ಯರ್ಥಿಗೂ ಹೇಳಿಕೊಡಬೇಕಾಗಿಲ್ಲ. ಸ್ಥಾನಗಳ ಸಂಖ್ಯೆಗಿಂತ ಹೆಚ್ಚು ಕಡೆ ಮೊಹರು ಒತ್ತಿದ ಮತಪತ್ರ ಮಾತ್ರ ತಿರಸ್ಕೃತ.

2020ರ ಚುನಾವಣೆಯಲ್ಲೂ ಬೀದರ್ ಜಿಲ್ಲೆಯೊಂದನ್ನು ಬಿಟ್ಟರೆ ರಾಜ್ಯದ ಉಳಿದೆಡೆ ಬಳಸಿದ್ದು ಕಾಗದದ ಮತಪತ್ರವನ್ನೇ. ಹೀಗಾಗಿ ಎಣಿಕೆ ತಾಲ್ಲೂಕು ಕೇಂದ್ರದಲ್ಲಿ ಬೆಳಿಗ್ಗೆ ಶುರುವಾಗಿ ರಾತ್ರಿಯವರೆಗೂ ಎಳೆಯುತ್ತದೆ. ಒಂದೆರಡು ಮತಗಳ ಅಂತರ ಇಲ್ಲಿ ಅಪರೂಪವಲ್ಲ. ಸಮ ಬಂದರೆ ಚೀಟಿ ಎತ್ತುತ್ತಾರೆ. ಆ ವರ್ಷ ಠೇವಣಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಯರು ಮತ್ತು ಮೀಸಲು ವರ್ಗದವರಿಗೆ 100 ರೂಪಾಯಿ. ಠೇವಣಿ ಇಷ್ಟು ಕಡಿಮೆ ಎಂದು ಚುನಾವಣೆಯೂ ಅಗ್ಗ ಎಂದು ತಿಳಿಯಬಾರದು. ಬಾಡೂಟ, ಸೀರೆ, ಕುಕ್ಕರ್, ಕೊನೆಯ ರಾತ್ರಿಯ ನೋಟು ಇವುಗಳಿಗೆ ಖರ್ಚಾಗುವ ಹಣದ ಮುಂದೆ ಸದಸ್ಯರಿಗೆ ಸಿಗುವ ಗೌರವಧನ ಲೆಕ್ಕಕ್ಕೇ ಬಾರದು. ರಾಜ್ಯದ ಕೆಲವೆಡೆ ಸ್ಥಾನಗಳನ್ನೇ ಹರಾಜು ಹಾಕಿ ಅವಿರೋಧ ಆಯ್ಕೆ ಮಾಡಿದ ಪ್ರಕರಣಗಳು 2020ರಲ್ಲಿ ಸುದ್ದಿಯಾದವು. ಆಯೋಗ ಕ್ರಿಮಿನಲ್ ಮೊಕದ್ದಮೆಯ ಎಚ್ಚರಿಕೆ ಕೊಟ್ಟಿತು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕೊಟ್ಟವನಿಗೆ ಸೀಟು ಎಂಬುದು ಊರಿನ ಒಗ್ಗಟ್ಟಿನಂತೆ ಕಾಣುತ್ತದೆ. ಅದು ಬಡವನ ಉಮೇದುವಾರಿಕೆಯನ್ನು ಅರ್ಜಿಗೆ ಮುಂಚೆಯೇ ತಿರಸ್ಕರಿಸುವ ಕ್ರಮ, ಅಷ್ಟೇ.

ಮತದಾನದ ಪ್ರಮಾಣ ಗಮನಿಸಬೇಕಾದ್ದು. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ, ಕೋವಿಡ್ ಭಯದ ನಡುವೆಯೂ ರಾಜ್ಯದಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಮತ ಹಾಕಿದರು. 2015ರ ಬೆಂಗಳೂರು ಮಹಾನಗರ ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬಂದಿರಲಿಲ್ಲ. ದುಡಿಯಲು ಬೆಂಗಳೂರಿಗೆ ಹೋದವರು ಆ ದಿನಕ್ಕಾಗಿ ಊರಿಗೆ ಬರುತ್ತಾರೆ, ಬಸ್ಸಿನ ಖರ್ಚು ಯಾರದೆಂಬುದು ಬೇರೆ ಮಾತು. ಪಂಚಾಯಿತಿ ಚುನಾವಣೆಯಲ್ಲಿ ಮತದಾನವನ್ನು ಕಡ್ಡಾಯ ಮಾಡಿ 2015ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದದ್ದು ಈ ಹಿನ್ನೆಲೆಯಲ್ಲಿ ವಿಚಿತ್ರವಾಗಿ ಕಾಣುತ್ತದೆ. ತಪ್ಪಿಸಿಕೊಂಡವರಿಗೆ ಶಿಕ್ಷೆಯನ್ನೂ ಅದು ಹೇಳಿಲ್ಲ. ಔಷಧಿ ಬೇಕಿದ್ದದ್ದು ಬೆಂಗಳೂರಿಗೆ, ಕುಡಿಸಿದ್ದು ಹಳ್ಳಿಗೆ.

ಪಕ್ಷವಿಲ್ಲದ ಚುನಾವಣೆ, ಬಣವಿಲ್ಲದ ಊರಿಲ್ಲ

ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಕೈ, ಕಮಲ, ತೆನೆಹೊತ್ತ ಮಹಿಳೆಯ ಚಿಹ್ನೆಗಳಿಲ್ಲ. ಆಯೋಗದ ಪಟ್ಟಿಯಿಂದ ಆಟೋರಿಕ್ಷಾ, ಹೊಲಿಗೆ ಯಂತ್ರದಂಥ ಚಿಹ್ನೆಗಳನ್ನು ಹಂಚುತ್ತಾರೆ. ಆದರೆ ಎಣಿಕೆ ಮುಗಿದ ಸಂಜೆಯೇ ಪ್ರತಿ ಪಕ್ಷವೂ ‘ನಮ್ಮ ಬೆಂಬಲಿತರು ಇಷ್ಟು ಮಂದಿ’ ಎಂದು ಪ್ರಕಟಿಸುತ್ತದೆ. ಆ ಸಂಖ್ಯೆಗಳನ್ನೆಲ್ಲ ಕೂಡಿದರೆ ಒಟ್ಟು ಸ್ಥಾನಗಳಿಗಿಂತ ಜಾಸ್ತಿಯಾಗುವುದು ಪ್ರತಿ ಬಾರಿಯ ತಮಾಷೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಪಕ್ಷಕ್ಕಿಂತ ವ್ಯಕ್ತಿ ಮತ್ತು ಮನೆತನದ ಸುತ್ತ ಕಟ್ಟಿದ ಬಣವೇ ಆಳವಾದದ್ದು. ಚಿಂತಾಮಣಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಮಾಜಿ ಸಚಿವ ಚೌಡರೆಡ್ಡಿಯವರ ಬೆಂಬಲಿಗರ ಬಳಗ ಮಗ ಡಾ. ಎಂ.ಸಿ. ಸುಧಾಕರ್ ಕಾಲಕ್ಕೂ ಮುಂದುವರಿಯಿತು. ಸುಧಾಕರ್ ಕಾಂಗ್ರೆಸ್ಸಿನಿಂದ ಗೆದ್ದಿದ್ದರು, ನಂತರ ಭಾರತೀಯ ಪ್ರಜಾ ಪಕ್ಷದಿಂದ ನಿಂತರು, ಮತ್ತೆ ಕಾಂಗ್ರೆಸ್ಸಿಗೆ ಬಂದು 2023ರಲ್ಲಿ ಗೆದ್ದು ಸಚಿವರಾದರು. 2013 ಮತ್ತು 2018ರಲ್ಲಿ ಅಲ್ಲಿ ಗೆದ್ದವರು ಜೆಡಿಎಸ್‌ನ ಜೆ.ಕೆ. ಕೃಷ್ಣಾರೆಡ್ಡಿ. ಇಷ್ಟೆಲ್ಲ ಪಕ್ಷ ಬದಲಾದರೂ ಹಳ್ಳಿಯ ಬಣ ಬದಲಾಗಲಿಲ್ಲ. ನಾಯಕ ಹೋದ ಕಡೆ ಬಣ ಹೋಯಿತು. ರಾಜ್ಯದ ಬೇರೆಡೆ ಹೆಸರೇ ಕೇಳಿರದ ಭಾರತೀಯ ಪ್ರಜಾ ಪಕ್ಷದ ಅಭ್ಯರ್ಥಿಗಳು 2019ರ ನಗರಸಭೆ ಚುನಾವಣೆಯಲ್ಲಿ ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಗೆದ್ದದ್ದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಗೌರಿಬಿದನೂರಿನಲ್ಲಿ ಎನ್.ಎಚ್. ಶಿವಶಂಕರ ರೆಡ್ಡಿ 1999ರಿಂದ ಸತತವಾಗಿ ಶಾಸಕರಾಗಿದ್ದರು. 2023ರಲ್ಲಿ ಅವರನ್ನು ಸೋಲಿಸಿದ್ದು ಯಾವ ಪಕ್ಷದ ಅಭ್ಯರ್ಥಿಯೂ ಅಲ್ಲ, ಪಕ್ಷೇತರ ಕೆ.ಎಚ್. ಪುಟ್ಟಸ್ವಾಮಿಗೌಡ. ಶಿಡ್ಲಘಟ್ಟದಲ್ಲಿ ಕಾಂಗ್ರೆಸ್ಸಿನ ವಿ. ಮುನಿಯಪ್ಪ ಹಲವು ಬಾರಿ ಗೆದ್ದವರು. 2023ರಲ್ಲಿ ಕ್ಷೇತ್ರ ಜೆಡಿಎಸ್‌ನ ಬಿ.ಎನ್. ರವಿಕುಮಾರ್ ಪಾಲಾಯಿತು. ಇಂಥ ಪ್ರತಿ ಬದಲಾವಣೆಯ ನಂತರವೂ ಪಂಚಾಯಿತಿ ಕಚೇರಿಗಳಲ್ಲಿ ಸಣ್ಣ ಕದಲಿಕೆ ಕಾಣಿಸಿಕೊಳ್ಳುತ್ತದೆ. ಅವಿಶ್ವಾಸದ ಮಾತು ಏಳುತ್ತದೆ, ಸದಸ್ಯರು ‘ಅಭಿವೃದ್ಧಿಯ ದೃಷ್ಟಿಯಿಂದ’ ಶಾಸಕರ ಕಡೆ ಸರಿಯುತ್ತಾರೆ.

ಜಾತಿಯ ಲೆಕ್ಕವೂ ಬಣದೊಳಗೇ ಕೂಡಿಕೊಳ್ಳುತ್ತದೆ. ಒಕ್ಕಲಿಗರು, ಬಲಿಜರು, ಕುರುಬರು, ಮುಸ್ಲಿಮರು, ಪರಿಶಿಷ್ಟ ಜಾತಿಯ ಹಲವು ಸಮುದಾಯಗಳು, ನಾಯಕರು ಎಲ್ಲರೂ ಗಣನೀಯ ಸಂಖ್ಯೆಯಲ್ಲಿರುವ ಸೀಮೆ ಇದು. ಭಾಷೆಯೂ ಎರಡು: ಮತಪತ್ರ, ನೋಟಿಸು ಕನ್ನಡದಲ್ಲಿ, ಗಡಿಯ ಕಡೆಯ ಹೋಬಳಿಗಳಲ್ಲಿ ಮನೆಬಾಗಿಲ ಪ್ರಚಾರ ತೆಲುಗಿನಲ್ಲಿ. ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಕೈವಾರ ತಾತಯ್ಯನವರ ನಾಡಿನಲ್ಲಿ ಇದು ಯಾರಿಗೂ ವಿಶೇಷ ಅನಿಸುವುದಿಲ್ಲ. ವೇದಿಕೆಯ ಮೇಲೆ ಕನ್ನಡದಲ್ಲಿ ಶುರುವಾದ ಭಾಷಣ ಎದುರಾಳಿಯನ್ನು ಬೈಯುವ ಹೊತ್ತಿಗೆ ತೆಲುಗಿಗೆ ಹೊರಳಿರುತ್ತದೆ.

ಮೀಸಲಾತಿ

ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಂತೆ, ಹಿಂದುಳಿದ ವರ್ಗಗಳಿಗೆ ಮೂರನೇ ಒಂದು ಭಾಗದ ಮಿತಿಯಲ್ಲಿ ಸ್ಥಾನಗಳು ಮೀಸಲು. ಮಹಿಳೆಯರ ಪಾಲನ್ನು ಮೂರನೇ ಒಂದರಿಂದ ಅರ್ಧಕ್ಕೆ ಏರಿಸಿದ್ದು 2010ರ ತಿದ್ದುಪಡಿ. ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ನಾಲ್ಕನೇ ಒಂದು ಭಾಗ, ಪಂಗಡದವರು ಎಂಟನೇ ಒಂದು ಭಾಗ. ಆದ್ದರಿಂದ ಪರಿಶಿಷ್ಟರಿಗೆ ಮೀಸಲಾದ ಸ್ಥಾನಗಳ ಪ್ರಮಾಣ ಇಲ್ಲಿ ರಾಜ್ಯದ ಸರಾಸರಿಗಿಂತ ಹೆಚ್ಚು.

ಮೀಸಲಾತಿಯನ್ನು ಬರೀ ಕೋಷ್ಟಕವೆಂದು ನೋಡಲಾಗದ ಕಾರಣವೂ ಇಲ್ಲಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಟ್ಟರು. ಅಂಥ ತಾಲ್ಲೂಕಿನಲ್ಲಿ ದಲಿತ ಮಹಿಳೆಯೊಬ್ಬರು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು, ಊರಿನ ದೊಡ್ಡ ಹಿಡುವಳಿದಾರರು ಖಾತೆಗಾಗಿ ಎದುರು ನಿಲ್ಲುವುದು ಸಣ್ಣ ಬದಲಾವಣೆಯಲ್ಲ. ಗಂಡ ಅಥವಾ ಮಗ ಅಧಿಕಾರ ನಡೆಸುತ್ತಾನೆ ಎಂಬ ದೂರು ನಿಜ, ಹಳೆಯದೂ ಹೌದು. ಆದರೆ ಅದನ್ನೇ ಹಿಡಿದು ಮಹಿಳಾ ಮೀಸಲಾತಿಯನ್ನು ಅಳೆಯುವವರು, ಗಂಡಸು ಅಧ್ಯಕ್ಷನ ಹಿಂದೆ ಕುಳಿತು ಕಡತ ನಡೆಸುವ ಗುತ್ತಿಗೆದಾರನ ಬಗ್ಗೆ ಅಷ್ಟೇ ಚಿಂತೆ ಮಾಡುವುದಿಲ್ಲ. ಮೊದಲ ವರ್ಷ ಬಾಯಿ ಬಿಡದ ಸದಸ್ಯೆ ಎರಡನೇ ವರ್ಷ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ನೀರಿನ ಲೆಕ್ಕ ಕೇಳುವುದನ್ನು ಪಂಚಾಯಿತಿ ಸಭೆಗಳಿಗೆ ಹೋಗುವ ಯಾರು ಬೇಕಾದರೂ ನೋಡಬಹುದು.

ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ನಿಗದಿಯಾಗುವುದು ಸದಸ್ಯರ ಆಯ್ಕೆಯ ನಂತರ, ಜಿಲ್ಲಾಧಿಕಾರಿಯ ಸಮ್ಮುಖದಲ್ಲಿ. ಹಿಂದಿನ ಅವಧಿಗಳ ಸರದಿ ನೋಡಿ, ಸಮವಾದ ಕಡೆ ಲಾಟರಿ ಎತ್ತಿ ಯಾವ ಪಂಚಾಯಿತಿಗೆ ಯಾವ ವರ್ಗ ಎಂದು ತೀರ್ಮಾನಿಸುತ್ತಾರೆ. ಗೆಲುವಿಗಾಗಿ ಲಕ್ಷಗಟ್ಟಲೆ ಸುರಿದವನ ಲೆಕ್ಕವೆಲ್ಲ ಆ ಒಂದು ಗಂಟೆಯಲ್ಲಿ ತಲೆಕೆಳಗಾಗುತ್ತದೆ. ಆ ವರ್ಗದ ಒಬ್ಬರೇ ಸದಸ್ಯರಿದ್ದರೆ, ನಿನ್ನೆಯವರೆಗೆ ಯಾರೂ ಮಾತನಾಡಿಸದಿದ್ದ ಅವರ ಮನೆಗೆ ಎರಡೂ ಬಣದವರು ಹಾರ ಹಿಡಿದು ಓಡುತ್ತಾರೆ. ಪೈಪೋಟಿ ಇದ್ದ ಕಡೆ ಸದಸ್ಯರ ‘ಪ್ರವಾಸ’ ಶುರುವಾಗುತ್ತದೆ. ರಾಜ್ಯದ ಗಣ್ಯರೆಲ್ಲ ರೆಸಾರ್ಟಿಗೆಂದು ನಂದಿಯ ತಪ್ಪಲಿಗೆ ಬಂದರೆ, ನಂದಿಯ ತಪ್ಪಲಿನ ಸದಸ್ಯರನ್ನು ಬೇರೆ ಊರಿಗೆ ಸಾಗಿಸಬೇಕಾಗುತ್ತದೆ. ಗ್ರಾಮ ಪಂಚಾಯಿತಿ ಅಧ್ಯಕ್ಷರ ಅವಧಿಯನ್ನು ನಡುವೆ ಐದು ವರ್ಷಕ್ಕೆ ಏರಿಸಿದ್ದರು. 2020ರಲ್ಲಿ ಅದನ್ನು ಮತ್ತೆ 30 ತಿಂಗಳಿಗೆ ಇಳಿಸಲಾಯಿತು. ಹಾಗಾಗಿ ಈ ನಾಟಕ ಒಂದು ಅವಧಿಯಲ್ಲಿ ಎರಡು ಬಾರಿ ನಡೆಯುತ್ತದೆ.

ನಗರಸಭೆಗಳು

ನಗರಸಭೆಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಬರುತ್ತವೆ. ಇಲ್ಲಿ ಪಕ್ಷದ ಚಿಹ್ನೆಯ ಮೇಲೆ, ಒಂದು ವಾರ್ಡಿಗೆ ಒಬ್ಬರಂತೆ ಚುನಾವಣೆ. 2019–20ರ ಸುತ್ತಿನಲ್ಲಿ ಮತಯಂತ್ರ ಬಳಸಿದರು, ನಾಲ್ಕೂ ನಗರಸಭೆಗಳಿಗೆ ಒಂದೇ ದಿನ ಮತದಾನವಾಗಲಿಲ್ಲ. ಶಿಡ್ಲಘಟ್ಟಕ್ಕೆ 2019ರ ಮೇ 29, ಗೌರಿಬಿದನೂರು ಮತ್ತು ಚಿಂತಾಮಣಿಗೆ ಅದೇ ವರ್ಷದ ನವೆಂಬರ್ 12, ಚಿಕ್ಕಬಳ್ಳಾಪುರಕ್ಕೆ 2020ರ ಫೆಬ್ರುವರಿ 9.

ಚಿಕ್ಕಬಳ್ಳಾಪುರದ ಫಲಿತಾಂಶ ಈ ಜಿಲ್ಲೆಯ ಮತದಾರರನ್ನು ಅರಿಯಲು ಉಪಯುಕ್ತ. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಬಂದಿದ್ದ ಡಾ. ಕೆ. ಸುಧಾಕರ್ ದೊಡ್ಡ ಅಂತರದಲ್ಲಿ ಗೆದ್ದು, ಆ ಕ್ಷೇತ್ರದಲ್ಲಿ ಮೊದಲ ಬಾರಿಗೆ ಕಮಲ ಅರಳಿಸಿದ್ದರು. ಎರಡು ತಿಂಗಳ ನಂತರದ ನಗರಸಭೆ ಚುನಾವಣೆಯಲ್ಲಿ 31 ಸ್ಥಾನಗಳಲ್ಲಿ ಕಾಂಗ್ರೆಸ್ 16 ಗೆದ್ದಿತು, ಬಿಜೆಪಿ 9. ಶಾಸಕರನ್ನು ಆರಿಸುವಾಗ ಒಂದು ಲೆಕ್ಕ, ಚರಂಡಿ ತೆಗೆಸುವವರನ್ನು ಆರಿಸುವಾಗ ಇನ್ನೊಂದು. ಆದರೆ ಬಹುಮತ ಕಾಂಗ್ರೆಸ್ಸಿನದಾದರೂ ಅಧ್ಯಕ್ಷ ಸ್ಥಾನ ಬಿಜೆಪಿಗೆ ಹೋಯಿತು. ಸದಸ್ಯರ ಅಡ್ಡಮತದ ಜೊತೆಗೆ ಕಾಯ್ದೆಯ ಒಂದು ಅಂಶವೂ ಇಲ್ಲಿ ಕೆಲಸ ಮಾಡುತ್ತದೆ. ಶಾಸಕರು ಮತ್ತು ಸಂಸದರು ನಗರಸಭೆಯ ಪದನಿಮಿತ್ತ ಸದಸ್ಯರು, ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೂ ಮತವಿದೆ. 2024ರ ಸೆಪ್ಟೆಂಬರಿನಲ್ಲಿ ಎರಡನೇ ಅವಧಿಯ ಅಧ್ಯಕ್ಷರ ಆಯ್ಕೆ ನಡೆದಾಗ, ಸಂಸದರಾಗಿದ್ದ ಕೆ. ಸುಧಾಕರ್ ಮತ್ತು 2023ರಲ್ಲಿ ಅವರನ್ನು ಸೋಲಿಸಿ ಶಾಸಕರಾಗಿದ್ದ ಕಾಂಗ್ರೆಸ್ಸಿನ ಪ್ರದೀಪ್ ಈಶ್ವರ್ ಇಬ್ಬರಿಗೂ ಅದು ಪ್ರತಿಷ್ಠೆಯ ಕಣವಾಯಿತು. ಕುರ್ಚಿ ಮತ್ತೆ ಬಿಜೆಪಿಗೇ ಸಿಕ್ಕಿತು. ವಾರ್ಡಿನ ಮತದಾರರು ಬರೆದ ತೀರ್ಪನ್ನು ದೊಡ್ಡವರ ಮತ ತಿದ್ದಬಹುದಾದ ಈ ವ್ಯವಸ್ಥೆಗೆ ಸ್ಥಳೀಯ ಸ್ವಯಮಾಡಳಿತ ಎಂಬ ಹೆಸರು ಸ್ವಲ್ಪ ದೊಡ್ಡದೇ ಆಯಿತು.

ಇದಕ್ಕಿಂತ ಗಂಭೀರ ಸಂಗತಿ ಕಾಲಾವಧಿಯದು. ಶಿಡ್ಲಘಟ್ಟದ ಸದಸ್ಯರು ಗೆದ್ದದ್ದು 2019ರ ಮೇ ತಿಂಗಳಲ್ಲಿ. ಅಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ರಾಜ್ಯದ ಬಹುತೇಕ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅಧ್ಯಕ್ಷರ ಆಯ್ಕೆ 2020ರ ಕೊನೆಯವರೆಗೂ ನಡೆಯಲಿಲ್ಲ. ಶಿಡ್ಲಘಟ್ಟದಲ್ಲಿ ಗೆದ್ದವರು ಸುಮಾರು ಒಂದೂವರೆ ವರ್ಷ ಪ್ರಮಾಣವಚನವೂ ಇಲ್ಲದೆ ಕಾದರು. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರ ಬೇಸಿಗೆಯಲ್ಲಿ ಮುಗಿಯಿತು; ಎರಡನೇ ಅವಧಿಯ ಮೀಸಲಾತಿ ಪ್ರಕಟವಾಗಲು 2024ರ ಆಗಸ್ಟ್ ಬರಬೇಕಾಯಿತು. ಆ ನಡುವೆ ಆಡಳಿತಾಧಿಕಾರಿಯದೇ ಆಡಳಿತ. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳ ನಡುವಿನ ಓಣಿಯ ಮನೆಯವರಿಗಾಗಲಿ ಚಿಂತಾಮಣಿಯ ಮಾರುಕಟ್ಟೆ ಬೀದಿಯ ಅಂಗಡಿಯವರಿಗಾಗಲಿ, ದೂರು ಹೇಳಲು ವಾರ್ಡಿನ ಮೆಂಬರ್ ಇದ್ದರು. ಮೆಂಬರಿಗೆ ಹೇಳಿಕೊಳ್ಳಲು ಸಭೆ ಇರಲಿಲ್ಲ.

ಚುನಾವಣೆಯ ವಿಷಯಗಳು

ನಗರಸಭೆಯಾದರೂ ಪಂಚಾಯಿತಿಯಾದರೂ ಮೊದಲ ವಿಷಯ ನೀರು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಹಲವೆಡೆ ನೀರಿನಲ್ಲಿ ಫ್ಲೋರೈಡ್. ಶುದ್ಧ ನೀರಿನ ಘಟಕ, ಓವರ್‌ಹೆಡ್ ಟ್ಯಾಂಕು, ಬೋರ್‌ವೆಲ್ಲಿನ ಮೋಟರು, ಯಾವ ಬೀದಿಗೆ ಯಾವ ದಿನ ನೀರು ಬಿಡಬೇಕು ಎಂಬುದು ಸದಸ್ಯನ ಹಣೆಬರಹ ಬರೆಯುತ್ತದೆ. ವಾಟರ್‌ಮ್ಯಾನ್ ಯಾರ ಕಡೆಯವನು ಎಂಬುದು ಹಳ್ಳಿಯಲ್ಲಿ ಸಣ್ಣ ಪ್ರಶ್ನೆಯಲ್ಲ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಯೋಜನೆ, ಎತ್ತಿನಹೊಳೆ ನೀರಿನ ಭರವಸೆ ಇವು ವಿಧಾನಸಭೆಯ ಭಾಷಣಗಳ ಸರಕು. ಪಂಚಾಯಿತಿ ಚುನಾವಣೆಯಲ್ಲಿ ಕೇಳುವುದು ನಲ್ಲಿಯ ಪ್ರಶ್ನೆ.

ಉಳಿದಂತೆ ಉದ್ಯೋಗ ಖಾತರಿಯ ಕೂಲಿ, ವಸತಿ ಯೋಜನೆಯ ಮನೆ, ಆಸ್ತಿಯ ಇ-ಸ್ವತ್ತು ದಾಖಲೆ, ಬೀದಿದೀಪ, ಚರಂಡಿ. ಬೆಂಗಳೂರಿನ ವಿಮಾನ ನಿಲ್ದಾಣ ಹತ್ತಿರವಾದ ಮೇಲೆ ನಂದಿ ಹೋಬಳಿಯ ಕಡೆ ಬಡಾವಣೆಗಳೆದ್ದು, ಪಂಚಾಯಿತಿಯ ಖಾತೆಗೆ ಬೆಲೆ ಬಂದಿದೆ. ಆ ಭಾಗದ ಅಧ್ಯಕ್ಷಗಿರಿಗೂ ಬೆಲೆ ಬಂದಿದೆ. ಪಂಚಾಯಿತಿ, ಹಾಲಿನ ಡೇರಿ, ಸಹಕಾರ ಸಂಘ ಈ ಮೂರರ ಚುನಾವಣೆಗಳಲ್ಲೂ ಕಾಣಿಸಿಕೊಳ್ಳುವುದು ಬಹುಪಾಲು ಅದೇ ಮುಖಗಳು. ಸ್ಥಳೀಯ ಸಂಸ್ಥೆಗಳ ಸದಸ್ಯರೇ ಮತದಾರರಾಗಿರುವ ವಿಧಾನ ಪರಿಷತ್ತಿನ ಕೋಲಾರ–ಚಿಕ್ಕಬಳ್ಳಾಪುರ ಕ್ಷೇತ್ರದ ಚುನಾವಣೆ ಇನ್ನೊಂದು ಕಥೆ. 2021ರ ಡಿಸೆಂಬರಿನಲ್ಲಿ ಅಲ್ಲಿ ಗೆದ್ದವರು ಕಾಂಗ್ರೆಸ್ಸಿನ ಎಂ.ಎಲ್. ಅನಿಲ್ ಕುಮಾರ್. ಪಂಚಾಯಿತಿ ಸದಸ್ಯನಿಗೆ ತನ್ನ ಮತದ ಮಾರುಕಟ್ಟೆ ದರ ತಿಳಿಯುವುದು ಆ ಚುನಾವಣೆಯಲ್ಲಿ ಎಂದು ಊರಿನವರು ನಗುತ್ತಾರೆ.

ಹೊರನಾಡಿನೊಂದಿಗೆ ಹೋಲಿಕೆ

ಇಂಗ್ಲೆಂಡಿನ ಗ್ರಾಮೀಣ ಜಿಲ್ಲೆಗಳ ಮಂಡಳಿಗಳನ್ನು 1894ರ ಕಾಯ್ದೆ ಸ್ಥಾಪಿಸಿತು. 1974ರಲ್ಲಿ ಅವು ರದ್ದಾಗಿ ದೊಡ್ಡ ಜಿಲ್ಲಾ ಮಂಡಳಿಗಳು ಬಂದವು. ಅವುಗಳ ಕೆಳಗಿನ ಪ್ಯಾರಿಷ್ ಮಂಡಳಿಗಳು ನಮ್ಮ ಗ್ರಾಮ ಪಂಚಾಯಿತಿಗೆ ಹತ್ತಿರದವು, ಇಂದಿಗೂ ಉಳಿದಿವೆ. ಅಲ್ಲಿ ಪ್ಯಾರಿಷ್ ಸ್ಥಾನಗಳಿಗೆ ಸ್ಪರ್ಧಿಗಳೇ ಸಿಗದೆ ಅವಿರೋಧ ಆಯ್ಕೆಯಾಗುವುದು ಸಾಮಾನ್ಯ, ಜಿಲ್ಲಾ ಮಂಡಳಿಗಳ ಮತದಾನ ಎಷ್ಟೋ ಬಾರಿ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಚಿಂತಾಮಣಿಯ ಹಳ್ಳಿಗರಿಗೆ ಇದನ್ನು ನಂಬಿಸುವುದು ಕಷ್ಟ. ಮತದಾರರ ಉತ್ಸಾಹದಲ್ಲಿ ಈ ಜಿಲ್ಲೆ ಬಹಳ ಮುಂದಿದೆ. ಆದರೆ ಚುನಾವಣೆಯ ದಿನ ಯಾವುದೆಂದು ಅಲ್ಲಿಯ ಮತದಾರರಿಗೆ ಸಾಮಾನ್ಯವಾಗಿ ಮುಂಚೆಯೇ ಗೊತ್ತಿರುತ್ತದೆ, ಇಲ್ಲಿಯವರಿಗೆ ಗೊತ್ತಿರುವುದಿಲ್ಲ.

ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ

ಪ್ರತ್ಯೇಕ ಜಿಲ್ಲೆಯಾದ ನಂತರ ಚಿಕ್ಕಬಳ್ಳಾಪುರ ಜಿಲ್ಲಾ ಪಂಚಾಯಿತಿಗೆ ಮೊದಲ ಚುನಾವಣೆ ನಡೆದದ್ದು 2010ರ ಡಿಸೆಂಬರಿನಲ್ಲಿ, ಎರಡನೆಯದು 2016ರ ಫೆಬ್ರುವರಿಯಲ್ಲಿ. ಇವು ಪಕ್ಷದ ಚಿಹ್ನೆಯ ಚುನಾವಣೆಗಳು. 2016ರಲ್ಲಿ ಕಾಂಗ್ರೆಸ್ ಇಲ್ಲಿ ಸ್ಪಷ್ಟ ಬಹುಮತ ಪಡೆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು.

ಆಮೇಲೆ ನಡೆದದ್ದು ಕಾಗದಪತ್ರದ ಇತಿಹಾಸ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಮತ್ತು ಮೀಸಲಾತಿಯ ಕೆಲಸ ಮಾಡುತ್ತಿದ್ದಾಗಲೇ, 2021ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಹೊಸ ಸೀಮಾ ನಿರ್ಣಯ ಆಯೋಗಕ್ಕೆ ವಹಿಸಿತು. ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿಗೆ ಸುಪ್ರೀಂ ಕೋರ್ಟ್ ಕೇಳಿದ ಅಧ್ಯಯನಕ್ಕಾಗಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಗಿ 2022ರಲ್ಲಿ ವರದಿ ಕೊಟ್ಟಿತು. ವಿಳಂಬಕ್ಕಾಗಿ ಹೈಕೋರ್ಟ್ ಅದೇ ವರ್ಷ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ವಿಳಂಬ ಬದಲಾಗಲಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಸದಸ್ಯರಿಲ್ಲದಿದ್ದರೆ ಅನುದಾನ ಹಂಚುವ ಮಾತು ಶಾಸಕರು ಮತ್ತು ಅಧಿಕಾರಿಗಳ ನಡುವೆಯೇ ಮುಗಿಯುತ್ತದೆ. ವಿಳಂಬದಿಂದ ಅಧಿಕಾರದಲ್ಲಿರುವವರಿಗೆ ನಷ್ಟವಾಗದ ಕಡೆ ವಿಳಂಬ ನಿಲ್ಲುವುದಿಲ್ಲ. ನಷ್ಟವಾಗುವುದು ಮತದಾರರಿಗೆ, ಅವರನ್ನು ಕೇಳುವವರಿಲ್ಲ.

ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. 2021ರಲ್ಲಿ ಅವಧಿ ಮುಗಿದು ನಾಲ್ಕು ವರ್ಷ ಕಳೆದರೂ ಚಿಕ್ಕಬಳ್ಳಾಪುರ ಜಿಲ್ಲಾ ಪಂಚಾಯಿತಿಗಾಗಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೇರಿದಂತೆ ಅದರ ಯಾವ ತಾಲ್ಲೂಕು ಪಂಚಾಯಿತಿಗಾಗಲಿ ಚುನಾವಣೆ ನಡೆಯಲಿಲ್ಲ. ಅವುಗಳ ಆಡಳಿತ ಅಧಿಕಾರಿಗಳ ಕೈಯಲ್ಲೇ ಇತ್ತು.